ಎಂಟು ಭಾಷೆಗಳ ಕಾಕಾ

ನಮ್ಮ ಕಾಕಾನಿಗೆ ಎಂಟು ಭಾಷೆಗಳು ಬರುತ್ತವೆ. ಒಂದೊಂದು ಭಾಷೆಯಲ್ಲಿ ಎಷ್ಟು ಬರುತ್ತದೆ ಎಂದು ಮಾತ್ರ ನೀವು ಕೇಳಬಾರದು. ಒಂದೊಂದರಲ್ಲಿ ಒಂದೊಂದೇ ಶಬ್ದ ಬರುತ್ತದೆ. ಎಂಟರಲ್ಲೂ ಅದೇ ಶಬ್ದ! ಆ ಶಬ್ದ ‘ಕಾಕಾ’.

ಕಾಕಾ ಎಂದರೆ ಅಪ್ಪನ ತಮ್ಮ. ಬೈಲಹೊಂಗಲದಲ್ಲಿ ಇದನ್ನು ಯಾರಿಗೂ ಬಿಡಿಸಿ ಹೇಳಬೇಕಿಲ್ಲ. ಮೈಸೂರು ಕಡೆಯವರಿಗಾಗಿ ಹೇಳುತ್ತಿದ್ದೇನೆ, ನಿಮ್ಮ ಚಿಕ್ಕಪ್ಪನೇ ನಮ್ಮ ಕಾಕಾ. ನಮ್ಮವನು ಸರಕಾರಿ ಬಸ್ಸಿನ ಕಂಡಕ್ಟರು. ಒಂದು ವಾರ ಕಿತ್ತೂರು, ಒಂದು ವಾರ ಸವದತ್ತಿ, ಒಂದು ವಾರ ರಾಮದುರ್ಗ. ಮನೆತನ ನೋಡಿದರೆ ಪೌರೋಹಿತ್ಯದ್ದು. ಅಜ್ಜ ಸಂಪಗಾಂವದಲ್ಲಿ ಪಂಚಾಂಗ ಹೇಳಿಕೊಂಡು, ಸತ್ತವರ ಕರ್ಮ ಮಾಡಿಸಿಕೊಂಡು ಇದ್ದರು. ಆ ಮನೆಯಲ್ಲಿ ಹುಟ್ಟಿ ಟಿಕೆಟ್ ಹರಿಯುತ್ತಿದ್ದೀಯಲ್ಲ ಎಂದು ಯಾರಾದರೂ ಕೆಣಕಿದರೆ ಕಾಕಾನ ಉತ್ತರ ಸಿದ್ಧವಿರುತ್ತದೆ: “ನಮ್ಮಪ್ಪ ಮಂದೀನ್ನ ಸ್ವರ್ಗಕ್ಕ ಕಳಸತಿದ್ದ, ನಾ ಸವದತ್ತಿಗೆ ಕಳಸತೇನಿ. ನನ್ನ ಮಂದಿ ಹೋಗಿ ಮುಟ್ಟಿದ್ದಾದರೂ ಖಾತ್ರಿ ಇರತದ.”

ನಾನು ಹನ್ನೊಂದು ವರ್ಷದವಳಿದ್ದಾಗ ಅಪ್ಪ ತೀರಿಕೊಂಡರು. ಅಂದಿನಿಂದ ಮನೆಯಲ್ಲಿ ಅವ್ವ, ನಾನು ಮತ್ತು ಮದುವೆಯಾಗದ ಕಾಕಾ, ಮೂರೇ ಜನ. ದಿನಚರಿ ಬರೆಯುವ ಚಟ ನನಗೆ ಹತ್ತಿದ್ದೂ ಆ ವರ್ಷವೇ. ಈಗ ರಕ್ತ ಪರೀಕ್ಷೆಯ ಲ್ಯಾಬಿನಲ್ಲಿ ಕೆಲಸ ಮಾಡುತ್ತೇನೆ. ಇಡೀ ದಿನ ಬಾಟಲಿಗಳ ಮೇಲೆ ಚೀಟಿ ಅಂಟಿಸುವ ಕೈ ಮನೆಗೆ ಬಂದ ಮೇಲೂ ಸುಮ್ಮನಿರುವುದಿಲ್ಲ. ಹದಿಮೂರು ವರ್ಷಗಳಲ್ಲಿ ಕಾಕಾ ಬಸ್ಸಿನಲ್ಲಿ, ಹೋಟೆಲಿನಲ್ಲಿ, ಗುಡಿಯಲ್ಲಿ ಮರೆತು ಬಂದ ವಸ್ತುಗಳ ಪಟ್ಟಿ ನನ್ನ ಹತ್ತಿರ ಇದೆ. ಛತ್ರಿ ಒಂಬತ್ತು. ಕನ್ನಡಕ ನಾಲ್ಕು. ಸೀಟಿ ಆರು. ಚಪ್ಪಲಿ ಮೂರು ಸಲ, ಪ್ರತಿ ಸಲವೂ ಎಡಗಾಲಿನದು ಮಾತ್ರ. ಅದು ಹೇಗೆ ಸಾಧ್ಯ ಎಂದು ನನ್ನನ್ನು ಕೇಳಬೇಡಿ. ಊಟದ ಡಬ್ಬಿ ಮರೆತದ್ದು, ಸೊನ್ನೆ. “ಎಲ್ಲಾ ಮರೀತಾರ, ಹೊಟ್ಟಿ ಮಾತ್ರ ಮರೆಯಂಗಿಲ್ಲ” ಎಂದು ಅವ್ವ ನಗುತ್ತಾಳೆ.

ಈ ಶಬ್ದದ ಹುಚ್ಚು ಹತ್ತಿದ್ದು ಎರಡು ವರ್ಷಗಳ ಹಿಂದೆ, ರಾಮದುರ್ಗದ ದಾರಿಯಲ್ಲಿ. ಸುಗ್ಗಿಯ ಹಂಗಾಮಿನಲ್ಲಿ ರಾಶಿ ಮಾಡುವ ದೊಡ್ಡ ಮಷಿನ್ ತೆಗೆದುಕೊಂಡು ಪಂಜಾಬದ ಸರ್ದಾರಜಿಗಳು ನಮ್ಮ ಕಡೆ ಬರುತ್ತಾರೆ. ಅಂಥ ಒಬ್ಬ ಸರ್ದಾರಜಿ ಮಷಿನ್ನಿನ ಮುರಿದ ಪಟ್ಟಿಯನ್ನು ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ಕುಳಿತಿದ್ದ. ಮುಂದಿನ ಸೀಟಿನ ಹೆಣ್ಣುಮಗಳ ಹೆಗಲ ಮೇಲೆ ಒಂದು ಕೂಸು. ಅದನ್ನು ನೋಡಿ ಸರ್ದಾರಜಿ, “ಕಾಕಾ, ಓ ಕಾಕಾ” ಎಂದು ಮುದ್ದು ಮಾಡತೊಡಗಿದ. ನಮ್ಮವನು ಹಿಂದಿನ ಬಾಗಿಲಿನಿಂದ ಮಂದಿಯನ್ನು ಸರಿಸಿಕೊಂಡು ಬಂದು, “ಹೇಳ್ರಿ” ಅಂದ. ಸರ್ದಾರಜಿ ಕೂಸಿನ ಕಡೆ ತಿರುಗಿದ. ಹೀಗೆ ಮೂರು ಸಲ ಆಯಿತಂತೆ. ಮೂರನೆಯ ಸಲಕ್ಕೆ ಸರ್ದಾರಜಿ ಹಿಂದಿಯಲ್ಲಿ ಬಿಡಿಸಿ ಹೇಳಿದ, ಅವರ ಕಡೆ ಸಣ್ಣ ಕೂಸಿಗೆ ಕಾಕಾ ಅನ್ನುತ್ತಾರೆ.

ಆಗ ಐವತ್ತೇಳು ವರ್ಷದವನಾಗಿದ್ದ ಕಾಕಾ ಸಂಜೆ ಮನೆಗೆ ಬಂದವನೇ ಟೊಪ್ಪಿಗೆ ತೆಗೆದು, “ಪಂಜಾಬಿನ್ಯಾಗ ನಾ ಇನ್ನೂ ತೊಟ್ಟಲದಾಗ ಇದ್ದೇನಿ ನೋಡ್ರಿ ವೈನಿ” ಅಂದ. ವೈನಿ ಎಂದರೆ ಅಣ್ಣನ ಹೆಂಡತಿ, ನಮ್ಮವ್ವ.

ಅವ್ವ ರೊಟ್ಟಿ ಬಡಿಯುವುದನ್ನು ನಿಲ್ಲಿಸದೆ, “ಇಲ್ಲೆರೆ ತೊಟ್ಟಲದಿಂದ ಯಾವಾಗ ಇಳದೀರಿ?” ಎಂದು ಕೇಳಿದಳು.

ಮರುದಿನವೇ ಕಾಕಾ ಇನ್ನೂರು ಪುಟದ ನೋಟಬುಕ್ಕು ತಂದು ನನ್ನ ಮುಂದೆ ಇಟ್ಟ. ಜಗತ್ತಿನಲ್ಲಿ ಎಲ್ಲೆಲ್ಲಿ ತಾನು ಏನೇನಾಗಿದ್ದೇನೆ ಎಂಬುದು ಅವನಿಗೆ ಗೊತ್ತಾಗಬೇಕಿತ್ತು. ನಾನು ಆರು ಕಾಲಂ ಗೆರೆ ಹೊಡೆದೆ: ಕ್ರಮಾಂಕ, ತಾರೀಖು, ಭಾಷೆ, ಅರ್ಥ, ಹೇಳಿದವರು, ಮೂಲ. ಮೊದಲ ಸಾಲು ಕನ್ನಡದ್ದು. ಅರ್ಥ: ಅಪ್ಪನ ತಮ್ಮ. ಹೇಳಿದವರು: ಎಲ್ಲರೂ. ಮೂಲದ ಹತ್ತಿರ ಬಂದಾಗ ಕಾಕಾ ಪೆನ್ನಿನ ಮೇಲೆ ಕೈ ಇಟ್ಟ.

“ಅದನ್ನ ಖಾಲಿ ಬಿಡು.”

“ಯಾಕ? ಮರಾಠಿಯಿಂದ ಬಂದದ್ದಂತ ಬರೀತೇನಿ.”

“ಬಿಡಂದ್ರ ಬಿಡವಾ. ಆಮ್ಯಾಲೆ ಹೇಳತೇನಿ.”

ಎರಡು ವರ್ಷ ಹೇಳಲಿಲ್ಲ. ಖಾಲಿ ಮನೆ ನೋಡಿದರೆ ನನಗೆ ಹಲ್ಲಿನಲ್ಲಿ ಕಾಳು ಸಿಕ್ಕಂತಾಗುತ್ತದೆ. ಆದರೂ ಬಿಟ್ಟೆ.

ಎರಡನೆಯ ಸಾಲು ಮರಾಠಿ, ಎಲ್ಲಮ್ಮನ ಗುಡ್ಡಕ್ಕೆ ಬಂದ ಕೊಲ್ಹಾಪುರದ ಮುದುಕಿಯೊಬ್ಬಳ ಬಾಯಿಂದ. ಅರ್ಥ ನಮ್ಮದೇ. ಮೂರನೆಯದು ಸಂಸ್ಕೃತ, ಅಲ್ಲಿ ಕಾಕ ಎಂದರೆ ಕಾಗೆ. ನಾಲ್ಕನೆಯದು ಪಂಜಾಬಿ. ಕಾಕಾನ ನಿಯಮ ಬಿಗಿಯಾಗಿತ್ತು. ಆ ಭಾಷೆಯ ಊರಲ್ಲಿ ಹುಟ್ಟಿದವರು, ಇಲ್ಲವೇ ಅಲ್ಲಿ ಉಂಡು ಮಲಗಿ ಬಂದವರು ಎದುರಿಗೆ ನಿಂತು ಬಾಯಿಂದ ಹೇಳಬೇಕು. ಸಂಸ್ಕೃತಕ್ಕೆ ಮಾತ್ರ ರಿಯಾಯಿತಿ, ಏಕೆಂದರೆ ಅದನ್ನು ಹೇಳಿದ್ದು ಅಜ್ಜ. ನಾನು ಮೊಬೈಲಿನಲ್ಲಿ ಹುಡುಕಿಕೊಡುತ್ತೇನೆ ಎಂದರೆ ಒಪ್ಪುತ್ತಿರಲಿಲ್ಲ. “ಮೊಬೈಲಿಗೆ ಕಾಕಾ ಅದಾನೇನು? ಕಾಕಾ ಇಲ್ಲದವರು ಕಾಕಾನ ಸುದ್ದಿ ಏನು ಹೇಳತಾರ?”

ಐದನೆಯ ಸಾಲು ಆಫ್ರಿಕಾದ್ದು. ಸಂಪಗಾಂವದಲ್ಲಿ ಬಸ್ ಹತ್ತುವ ಒಬ್ಬ ನಿವೃತ್ತ ಸೈನಿಕರು ಶಾಂತಿಪಡೆಯಲ್ಲಿ ಆ ಖಂಡಕ್ಕೆ ಹೋಗಿ ಬಂದವರು. “ಸ್ವಾಹಿಲಿಯೊಳಗ ಕಾಕಾ ಅಂದ್ರ ಅಣ್ಣ” ಎಂದು ಅವರು ಹೇಳಿದ ದಿನದಿಂದ ಇಬ್ಬರೂ ಎದುರಾದಾಗ ಸ್ವಾಹಿಲಿಯಲ್ಲೇ ಮಾತನಾಡತೊಡಗಿದರು. ಅವರು “ಕಾಕಾ” ಅನ್ನುತ್ತಾರೆ. ಇವನು “ಕಾಕಾ” ಅನ್ನುತ್ತಾನೆ. ಸಂಭಾಷಣೆ ಮುಗಿಯಿತು. ಪಕ್ಕದಲ್ಲಿದ್ದ ರೈತನೊಬ್ಬ ನಕ್ಕಾಗ ಅವನ ಹೆಂಡತಿ, “ಸುಮ್ನಿರ್ರಿ, ಆಫ್ರಿಕಾದ ಭಾಷಾ ಮಾತಾಡಾಕ ಹತ್ತ್ಯಾರ” ಎಂದು ಗದರಿಸಿದ್ದನ್ನು ನಾನೇ ಕಿವಿಯಾರೆ ಕೇಳಿದ್ದೇನೆ.

ಆರನೆಯದು ಕಿತ್ತೂರಿನ ಬೇಕರಿಯ ಕೇರಳದವನಿಂದ. ಅವನು ಏನೂ ಹೇಳದೆ ಅಂಗಡಿಯ ತಗಡಿನ ಮೇಲೆ ಕುಳಿತಿದ್ದ ಕಾಗೆಯನ್ನು ತೋರಿಸಿದ. “ಸಂಸ್ಕೃತದಾಗೂ ಕಾಗಿ, ಮಲಯಾಳದಾಗೂ ಕಾಗಿ. ಎರಡಕ್ಕೂ ಒಂದ ಸ್ಟಾಪು” ಎಂದು ಕಾಕಾ ಸಮಾಧಾನಪಟ್ಟುಕೊಂಡ. ಅಲ್ಲಿಯ ತನಕ ಎಲ್ಲ ಚೆನ್ನಾಗಿತ್ತು. ಕೂಸು, ಅಣ್ಣ, ಕಾಗೆ. ಯಾವುದೂ ಮಾನಹಾನಿಯ ವಿಷಯವಲ್ಲ.

ಜನವರಿ ೧೯, ಭಾನುವಾರ. ಗೆಳತಿಯ ಮದುವೆಗೆಂದು ನಾನು ಕಾಕಾನ ಬಸ್ಸಿನಲ್ಲೇ ರಾಮದುರ್ಗಕ್ಕೆ ಹೊರಟಿದ್ದೆ. ಹೂಲಿಯ ಹತ್ತಿರ ಇಬ್ಬರು ಪರದೇಶದವರು ಕೈ ಮಾಡಿದರು. ಅಲ್ಲಿಯ ಹಳೆಯ ಗುಡಿಗಳನ್ನು ನೋಡಿ ಬಂದ ಗಂಡ ಹೆಂಡತಿ, ಬಿಸಿಲಿಗೆ ಇಬ್ಬರೂ ಟೊಮೆಟೊ ಆಗಿದ್ದರು. ಕಾಕಾ ಅವರಿಗೆ ಟಿಕೆಟ್ ಕೊಡುವ ಮೊದಲೇ ನನ್ನನ್ನು ಹಿಂದಿನ ಸೀಟಿನಿಂದ ಎಬ್ಬಿಸಿ ತಂದು ನಿಲ್ಲಿಸಿದ. “ಕೇಳು.”

ಕೇಳಿದೆ. ಹೆಂಡತಿ ಸ್ವೀಡನ್ ದೇಶದವಳು. ಶಬ್ದ ಕೇಳಿದ ಕೂಡಲೇ ಕೈಯಿಂದ ಗುಂಡಗೆ ಆಕಾರ ಮಾಡಿ, ಬಾಯಿಗೆ ಹಾಕಿಕೊಂಡಂತೆ ತೋರಿಸಿದಳು. ಅವರ ಭಾಷೆಯಲ್ಲಿ ಕಾಕಾ ಎಂದರೆ ಕೇಕ್. “ನಾ ಕೇಕು!” ಎಂದು ಕಾಕಾ ಇಡೀ ಬಸ್ಸಿಗೆ ಸಾರಿದ. ಹಿಂದಿನಿಂದ ಯಾರೋ, “ಮ್ಯಾಲೆ ದ್ರಾಕ್ಷಿ ಐತೇನ್ರಿ?” ಎಂದರು. ಕಾಕಾನ ತಲೆಯ ಮೇಲೆ ಕೂದಲಿಲ್ಲ, ಒಂದು ಮಚ್ಚೆ ಇದೆ.

ಗಂಡ ಫಿನ್‌ಲ್ಯಾಂಡ್ ದೇಶದವನು. ಅವನು ಮಾತ್ರ ಕಿಟಕಿಯ ಕಡೆ ಮುಖ ಮಾಡಿ ಭುಜ ಕುಣಿಸುತ್ತ ನಗುತ್ತಿದ್ದ. ಒತ್ತಾಯ ಮಾಡಿದ ಮೇಲೆ ನನಗೆ ಮೆಲ್ಲಗೆ ಇಂಗ್ಲಿಷಿನಲ್ಲಿ ಹೇಳಿದ. ನಾನು ಕೇಳಿಸಿಕೊಂಡೆ. ಲ್ಯಾಬಿನಲ್ಲಿ ನಾನು ದಿನಾ ಬೆಳಿಗ್ಗೆ ಡಬ್ಬಿಗಳಲ್ಲಿ ಸ್ವೀಕರಿಸಿ ಚೀಟಿ ಅಂಟಿಸುವ ವಸ್ತು ಅದು.

“ಏನಂತ?” ಅಂದ ಕಾಕಾ.

“ಅವರ ಭಾಷಾದಾಗ ಆ ಶಬ್ದ ಇಲ್ಲಂತ” ಅಂದೆ. ದಿನಚರಿಯಲ್ಲಿ ಸುಳ್ಳುಗಳಿಗೂ ಒಂದು ಪುಟ ಇಟ್ಟಿದ್ದೇನೆ, ಅಲ್ಲಿ ಬರೆದುಕೊಂಡಿದ್ದೇನೆ.

ಆದರೆ ಫಿನ್‌ಲ್ಯಾಂಡಿನವರು ಬಹಳ ಪ್ರಾಮಾಣಿಕರೆಂದು ಕಾಣುತ್ತದೆ. ನಾನು ತಪ್ಪು ತಿಳಿದುಕೊಂಡೆನೆಂದು ಭಾವಿಸಿ ಅವನು ತನ್ನ ಮೊಬೈಲಿಗೆ ಏನೋ ಹೇಳಿದ, ಗುಂಡಿ ಒತ್ತಿದ. ಮೊಬೈಲು ಆಕಾಶವಾಣಿಯ ವಾರ್ತೆ ಓದುವಂಥ ಸ್ಪಷ್ಟ ಕನ್ನಡದಲ್ಲಿ, ಐವತ್ತೆರಡು ಪ್ರಯಾಣಿಕರಿಗೂ ಕೇಳಿಸುವ ಹಾಗೆ ಹೇಳಿತು: “ಚಿಕ್ಕ ಮಕ್ಕಳ ಮಲ.”

ಡ್ರೈವರ್ ಬ್ರೇಕ್ ಹಾಕಿದರು. ದಾರಿಯಲ್ಲಿ ಎಮ್ಮೆ ಬಂದಿತ್ತೆಂದು ಅವರು ಇಂದಿಗೂ ಹೇಳುತ್ತಾರೆ. ನಾನು ಎಮ್ಮೆ ನೋಡಲಿಲ್ಲ.

ಮುಂದಿನ ಸೀಟಿನ ಅಜ್ಜಿ, “ಇರಲೇಳಪಾ, ಸಣ್ಣ ಮಕ್ಕಳದ ಅಲ್ಲನು. ದೊಡ್ಡವರದ ಅಂದಿದ್ರ ಏನ್ ಮಾಡತಿದ್ದಿ?” ಎಂದು ಸಾಂತ್ವನ ಹೇಳಿದಳು. ಬಸ್ಸು ನಕ್ಕದ್ದು ರಾಮದುರ್ಗ ಬಂದರೂ ನಿಲ್ಲಲಿಲ್ಲ. ಕಾಕಾ ಒಬ್ಬನೇ ಹಿಂದಿನ ಬಾಗಿಲಿನಲ್ಲಿ ನಿಂತು ರಸ್ತೆಯನ್ನು ನೋಡುತ್ತಿದ್ದ. ಏಳು ಮತ್ತು ಎಂಟನೆಯ ಸಾಲುಗಳನ್ನು ನಾನು ಮದುವೆಯ ಮಂಟಪದಲ್ಲಿ ಕುಳಿತು ತುಂಬಿದೆ.

ಮರುದಿನ ಬೆಳಿಗ್ಗೆ ಕಾಕಾ ಆಜ್ಞೆ ಹೊರಡಿಸಿದ. ಇನ್ನು ಮುಂದೆ ತನ್ನನ್ನು ಯಾರೂ ಕಾಕಾ ಅನ್ನಬಾರದು.

“ಮತ್ತೇನನ್ನಬೇಕು?” ಎಂದೆ.

“ಚಿಕ್ಕಪ್ಪಾ ಅನ್ನು.”

ಒಂದು ಸಲ ಅಂದು ನೋಡಿದೆ. ಅವ್ವ ಒಳಗಿನಿಂದ, “ಟೀವಿ ಧಾರಾವಾಹಿ ಸಪ್ಪಳ ಸಣ್ಣ ಮಾಡವಾ” ಅಂದಳು. ಅಂಕಲ್ ಅನ್ನಲೇ ಎಂದರೆ, ಅಷ್ಟು ಹೊಟ್ಟೆ ತನಗಿನ್ನೂ ಬಂದಿಲ್ಲ ಎಂದ. ಮಾಮಾ ಅನ್ನೋಣವೆಂದರೆ ನಮ್ಮ ಕಡೆ ಮಾಮಾ ಅವ್ವನ ತಮ್ಮ. ಆಗ ಕಾಕಾ ಅವ್ವನಿಗೆ ತಮ್ಮನಾಗುತ್ತಾನೆ, ಅಪ್ಪ ತನ್ನ ತಮ್ಮನ ಅಕ್ಕನನ್ನೇ ಮದುವೆಯಾದಂತಾಗುತ್ತದೆ, ಆಮೇಲೆ ನಾನು ಯಾರು? ಕಾಗದದ ಮೇಲೆ ವಂಶಾವಳಿ ಬರೆದು ನೋಡಿ ಹೆದರಿ ಹರಿದು ಹಾಕಿದೆ. ಕೊನೆಗೆ ಅವ್ವ, “ಕಂಡಕ್ಟರ್ ಸಾಹೇಬರ, ಪಲ್ಯಾ ಬಡಸಲೇನು?” ಎಂದಳು. ಕಾಕಾ ಅರ್ಧ ಊಟಕ್ಕೇ ಎದ್ದ.

ಅವನಿಗೆ ಹೆಸರಿಲ್ಲವೇ ಎಂದು ನೀವು ಕೇಳಬಹುದು. ರೇಷನ್ ಕಾರ್ಡಿನಲ್ಲಿ ಇದೆ. ಹುಡುಕಿ ತೆಗೆದು ಅವ್ವ ಅಂಗಳದಲ್ಲಿ ನಿಂತು ಆ ಹೆಸರು ಹಿಡಿದು ಎರಡು ಸಲ ಕರೆದಳು. ಕಾಕಾ ಗೋಡೆಯಾಚೆ ಇಣುಕಿ ನೋಡಿ, “ಯಾರನ್ನ ಕರೀಲಿಕ್ಹತ್ತೀರಿ ವೈನಿ, ಬಾಜೂ ಮನಿಯವರು ಊರಾಗಿಲ್ಲ” ಅಂದ.

ಬಸ್ಸಿನಲ್ಲಿ ಆಜ್ಞೆಗೆ ದಂಡವೂ ಇತ್ತು. ಮರೆತು ಕಾಕಾ ಅಂದವರು ಮುಂದಿನ ಸ್ಟಾಪಿನ ತನಕ ನಿಂತುಕೊಂಡೇ ಹೋಗಬೇಕು. ನಮ್ಮ ಮಂದಿ ಇಪ್ಪತ್ತು ವರ್ಷಗಳಿಂದ “ಕಾಕಾ, ಎರಡ ಸವದತ್ತಿ” ಎಂದು ರೂಢಿಯಾದವರು, ಎಲ್ಲಿ ನೆನಪಿಡುತ್ತಾರೆ? ಜನವರಿ ೨೩ರಂದು ತಪಾಸಣೆಯ ಸಾಹೇಬರೊಬ್ಬರು ಬಸ್ ಹತ್ತಿದಾಗ ಹತ್ತೊಂಬತ್ತು ಸೀಟು ಖಾಲಿ ಇದ್ದವು, ಇಪ್ಪತ್ತಾರು ಜನ ಕಂಬಿ ಹಿಡಿದು ನಿಂತಿದ್ದರು. ಸಾಹೇಬರು ಬೆರಗಾಗಿ, “ಏನ್ ಕಾಕಾ ಇದು?” ಅಂದರು. ಮುರಗೋಡದ ತನಕ ಅವರೂ ನಿಂತರು.

ನಾನು ಬುದ್ಧಿ ಹೇಳಲು ಹೋದೆ. ಮೊದಲ ಸಲ ಮೊಬೈಲಿನಲ್ಲಿ ಹುಡುಕಲು ಕಾಕಾ ಒಪ್ಪಿಗೆ ಕೊಟ್ಟ, ಅದೂ ಹೊಲಸು ಎಷ್ಟು ದೂರ ಹಬ್ಬಿದೆ ಎಂದು ತಿಳಿಯಲು. ಒಂದು ಸಂಜೆ ಕುಳಿತು ಪಟ್ಟಿ ಮಾಡಿ ಓದಿ ತೋರಿಸಿದೆ. ಹಂಗೇರಿ, ಸ್ಪೇನ್, ಜರ್ಮನಿ, ಈ ಮೂರು ಕಡೆ ಹೆಚ್ಚುಕಡಿಮೆ ಫಿನ್‌ಲ್ಯಾಂಡಿನದೇ ಹಣೆಬರಹ. ಆದರೆ ಬಲ್ಗೇರಿಯಾದಲ್ಲಿ ಕಾಕಾ ಎಂದರೆ ಅಕ್ಕ. ಕುರ್ದ್ ಜನರಲ್ಲಿ ಅಣ್ಣ. ಫಿಲಿಪೈನ್ಸಿನಲ್ಲಿಯೂ ಒಡಹುಟ್ಟಿದ ಹಿರಿಯರು. ಆಫ್ರಿಕಾದ ಹೌಸಾ ಭಾಷೆಯಲ್ಲಿ ಅಜ್ಜ ಅಜ್ಜಿ. ನ್ಯೂಜಿಲೆಂಡಿನ ಮೂಲನಿವಾಸಿಗಳಲ್ಲಿ ಒಂದು ಜಾತಿಯ ಗಿಳಿ.

“ನೋಡು, ಬಳಗದವರದ ಬಹುಮತ ಅದ” ಎಂದೆ.

“ಹೊಲಸಿಗೆ ಬಹುಮತ ಬೇಕಾಗೂದಿಲ್ಲವಾ. ಕೊಡ ಹಾಲಿಗೆ ಎಷ್ಟು ಹನಿ ಬಿದ್ರ ಸಾಕು?”

ಇದಕ್ಕೆ ಉತ್ತರ ಇದ್ದದ್ದು ಮುರಗೋಡದ ನಿವೃತ್ತ ಮಾಸ್ತರರೊಬ್ಬರಲ್ಲಿ. ವಾರಕ್ಕೊಮ್ಮೆ ಬೈಲಹೊಂಗಲಕ್ಕೆ ರಕ್ತದ ಸಕ್ಕರೆ ನೋಡಿಸಲು ಬರುವವರು, ಭಾಷೆಗಳ ವಿಷಯ ಬಹಳ ಓದಿದವರು. ಸೂಜಿ ಚುಚ್ಚುವಾಗ ನಾನು ಗೋಳು ತೋಡಿಕೊಂಡೆ. ಅವರು ಹತ್ತಿ ಒತ್ತಿ ಹಿಡಿದುಕೊಂಡೇ ನನ್ನ ಜೊತೆ ನೇರವಾಗಿ ಬಸ್ ಸ್ಟ್ಯಾಂಡಿಗೆ ಬಂದು ಕಾಕಾನನ್ನು ಬೆಂಚಿನ ಮೇಲೆ ಕೂಡಿಸಿಕೊಂಡರು.

“ಕೂಸಿನ ಬಾಯಿಗೆ ಮೊದಲ ಬರೂ ಸಪ್ಪಳ ಭಾಳ ಇಲ್ರಿ. ಮಾ, ಪಾ, ತಾ, ಕಾ, ಅಷ್ಟ. ಕೂಸು ಸುಮ್ಮನ ಕಾ ಕಾ ಅಂತೈತಿ. ಯಾರು ಮುಂದ ನಿಂತಿರತಾರ, ಅವರು ನನ್ನ ಕರೀತು ಅಂತಾರ. ಒಂದ ಊರಾಗ ಅಣ್ಣ ನಿಂತಿದ್ದ, ಒಂದ ಊರಾಗ ಅಕ್ಕ ನಿಂತಿದ್ಲು. ಇನ್ನೊಂದ ಊರಾಗ…” ಎಂದು ಮಾಸ್ತರರು ತೋಳಿನ ಹತ್ತಿ ಸರಿಪಡಿಸಿಕೊಂಡರು, “ಕೂಸು ಎರಡ ಮಾಡಿಕೊಂಡಿತ್ತು. ಕಾಗಿ ಗಿಳಿ ತಮ್ಮ ಹೆಸರು ತಾವ ಕೂಗಿಕೊಂಡಾವ. ಒಂದಕ್ಕೊಂದು ಸಂಬಂಧಿಲ್ಲ. ಈ ಬೆಂಚಿನ ಮ್ಯಾಲೆ ಕಿತ್ತೂರಾಂವ, ರಾಮದುರ್ಗದಾಂವ ಕೂಡೇ ಕುಂತಾರಂದ್ರ ಅಣ್ಣತಮ್ಮ ಆಗತಾರೇನ್ರಿ?”

ಕಾಕಾ ಯೋಚಿಸಿದ. “ನಮ್ಮದು ಎಲ್ಲಿಂದ ಬಂತ್ರಿ ಹಂಗಾರ?”

“ಮರಾಠಿಯಿಂದ. ಅವರಿಗೆ ಪರ್ಶಿಯಾ ಕಡಿಂದ ಬಂದಿರಬೇಕಂತಾರ. ಅಲ್ಲಿ ಹಿರೇ ಅಣ್ಣಗ ಕಾಕಾ ಅಂತಿದ್ರು.”

“ಅಲ್ಲಿಂದ ಹೊರಡೂ ಮುಂದ ಅಣ್ಣ, ಬೈಲಹೊಂಗಲ ಮುಟ್ಟೂದ್ರಾಗ ತಮ್ಮ. ಯಾವ ಬಸ್ಸಿನ್ಯಾಗ ಬಂದಿತ್ರಿ ಅದು?” ಎಂದ ಕಾಕಾ. ನಾನು ಗೆದ್ದೆವು ಅಂದುಕೊಂಡೆ. ಅಷ್ಟರಲ್ಲಿ ಅವನು ಎದ್ದು ಪ್ಯಾಂಟಿನ ಹಿಂಭಾಗ ಜಾಡಿಸಿಕೊಂಡ. “ಆದ್ರೂ ಹೊಲಸು ಕುಂತ ಬೆಂಚಿನ ಮ್ಯಾಲೆ ನಾ ಕೂಡ್ರೂದಿಲ್ರಿ ಮಾಸ್ತರ.”

ಊರಿಗೆ ಇದು ನಗೆಯಾಗಿತ್ತು. ನನಗೆ ಆಗಿರಲಿಲ್ಲ. ಇಪ್ಪತ್ನಾಲ್ಕು ವರ್ಷ ಒಂದೇ ಹೆಸರಿನಿಂದ ಕರೆದವನನ್ನು ಈಗ ಏನೂ ಅನ್ನದೆ ಕರೆಯಬೇಕು. ಬಾಗಿಲಲ್ಲಿ ನಿಂತು ಕೆಮ್ಮುತ್ತಿದ್ದೆ. ತಾಟು ಸಪ್ಪಳ ಮಾಡುತ್ತಿದ್ದೆ. ಒಂದು ದಿನ ಕೆಮ್ಮು ಹದಿನಾಲ್ಕು ಸಲ ಎಂದು ಬರೆದುಕೊಂಡಿದ್ದೇನೆ. ಅವ್ವ ಕಷಾಯ ಕುಡಿಸಿದಳು. ಕಾಕಾನೂ ಸೊರಗಿದ್ದ. ತಾನೇ ಮಾಡಿದ ಆಜ್ಞೆ, ಹಿಂದೆ ತೆಗೆದುಕೊಳ್ಳಲು ಮಾನ ಅಡ್ಡ ಬರುತ್ತಿತ್ತು. ಮನೆಯಲ್ಲಿ ಮೂವರೂ ಒಬ್ಬರನ್ನೊಬ್ಬರು “ಇಲ್ಲೆ ಕೇಳ್ರಿಲ್ಲೆ” ಎಂದು ಕರೆಯುತ್ತ, ಮೂರು ಜನ ಅಪರಿಚಿತರು ಒಂದೇ ಧರ್ಮಶಾಲೆಯಲ್ಲಿ ಇಳಿದುಕೊಂಡಂತೆ ಬದುಕಿದೆವು. ಹೀಗೆ ಹದಿನಾರು ದಿನ.

ಹದಿನೇಳನೆಯ ದಿನ ಅಪ್ಪನ ಶ್ರಾದ್ಧ.

ನಮ್ಮಲ್ಲಿ ಶ್ರಾದ್ಧದ ದಿನ ಮಾಳಿಗೆಯ ಮೇಲೆ ಬಾಳೆಲೆಯಲ್ಲಿ ಪಿಂಡ ಇಡುತ್ತಾರೆ. ಕಾಗೆ ಬಂದು ಮುಟ್ಟಬೇಕು, ಆಮೇಲೇ ಮನೆಯವರ ಊಟ. ಕಾಗೆ ಮುಟ್ಟಲಿಲ್ಲವೆಂದರೆ ಹೋದವರಿಗೆ ಏನೋ ಆಸೆ ಉಳಿದಿದೆ ಎಂದು ಅರ್ಥ. ಅದೇನೆಂದು ಊಹಿಸಿ, ನಡೆಸಿಕೊಡುತ್ತೇವೆ ಎಂದು ಗಟ್ಟಿಯಾಗಿ ಮಾತು ಕೊಡಬೇಕು. ಗಂಡುಮಗ ಇಲ್ಲದ್ದರಿಂದ ಅಪ್ಪನ ಕರ್ಮ ಕಾಕಾನೇ ಮಾಡುತ್ತಾನೆ. ಹಿಂದೆ ಯಾವ ವರ್ಷವೂ ನಮ್ಮಪ್ಪ ಐದು ನಿಮಿಷ ಕಾಯಿಸಿದವರಲ್ಲ. ಈ ವರ್ಷ ಒಂದು ಗಂಟೆ ಎಂಟು ನಿಮಿಷಕ್ಕೆ ಪಿಂಡ ಇಟ್ಟೆವು, ಎರಡಾದರೂ ಕಾಗೆ ಎದುರು ಮನೆಯ ಡಿಶ್ಶಿನ ಮೇಲಿಂದ ಕದಲಲಿಲ್ಲ. ಕೆಳಗೆ ಉಪವಾಸ ಕುಳಿತವರು ಹನ್ನೊಂದು ಜನ. ಪುರೋಹಿತರಿಗೆ ಇನ್ನೂ ಎರಡು ಮನೆ ಇತ್ತು.

“ಕರೀರಿ ಅದನ್ನ” ಎಂದರು ಅವರು.

ಕಾಗೆಯನ್ನು ಹೇಗೆ ಕರೆಯುತ್ತಾರೆ ಎಂದು ನಿಮಗೆ ಗೊತ್ತು. ಕಾಕಾ ಬಾಯಿ ತೆರೆದ, ಮುಚ್ಚಿದ. ಆಮೇಲೆ, “ಬಾರಪಾ, ಬಾ” ಎಂದ. ಕಾಗೆ ಕತ್ತು ಓರೆ ಮಾಡಿತು.

“ಹಂಗ ಕರದ್ರ ಬೀಗರು ಬರತಾರ, ಕಾಗಿ ಬರೂದಿಲ್ಲ” ಎಂದರು ಪುರೋಹಿತರು. ಕಾಕಾ ಜನಿವಾರದ ಬದಿಯಲ್ಲಿ ಸಿಕ್ಕಿಸಿಕೊಂಡಿದ್ದ ಸೀಟಿ ತೆಗೆದು ಊದಿದ. ಬೀದಿಯಲ್ಲಿ ಹೋಗುತ್ತಿದ್ದ ಟೆಂಪೋ ನಿಂತಿತು.

ಮಾತು ಕೊಡುವುದು ಶುರುವಾಯಿತು. ಅವ್ವ ಮೊದಲು, “ಮಗಳ ಲಗ್ನಾ ಈ ವರ್ಷ ಮಾಡತೇವ್ರಿ” ಅಂದಳು. ಕಾಗೆ ನಮಗೆ ಬೆನ್ನು ತಿರುಗಿಸಿತು. ಆ ಕಾಗೆಯ ಮೇಲೆ ನನಗೆ ಗೌರವ ಹುಟ್ಟಿತು. ಹುಬ್ಬಳ್ಳಿಯಿಂದ ಬಂದಿದ್ದ ಅತ್ತಿ, ಅಂದರೆ ಅಪ್ಪನ ಅಕ್ಕ, “ಗೋಕರ್ಣಕ್ಕ ಹೋಗಿ ಬರತೇವೋ” ಅಂದಳು. ಕಾಗೆ ಹಾರಿ ಇನ್ನೂ ದೂರದ ನೀರಿನ ಟಾಕಿಯ ಮೇಲೆ ಕುಳಿತಿತು. ಮಾಳಿಗೆ ಬಳಿಸುತ್ತೇವೆ, ಹಿತ್ತಲ ಬಾವಿ ತೆಗೆಸುತ್ತೇವೆ, ದಿನಾ ಸಂಧ್ಯಾವಂದನೆ ಮಾಡುತ್ತೇವೆ. ನಾನು ಒಂಬತ್ತು ವಚನ ಎಣಿಸಿದೆ. ಎರಡು ಗಂಟೆ ಇಪ್ಪತ್ತು ನಿಮಿಷ. ಕೆಳಗಿನಿಂದ ಯಾರೋ, “ವಡಿ ಆರಿದುವು” ಎಂದು ಕೂಗಿದರು.

ಆಗ ಕಾಕಾ ಎಲೆಯ ಮುಂದೆ ಕುಕ್ಕರಗಾಲಿನಲ್ಲಿ ಕುಳಿತ. ಬಿಸಿಲಿಗೆ ತಲೆಯ ಮೇಲಿನ ಮಚ್ಚೆ ಹೊಳೆಯುತ್ತಿತ್ತು. ಮೆಲ್ಲಗೆ ಮಾತನಾಡಿದ, ಆದರೆ ಮಾಳಿಗೆಯ ಮೇಲೆ ಎಲ್ಲರಿಗೂ ಕೇಳಿಸಿತು.

“ಅಣ್ಣಾ, ನನಗ ಗೊತ್ತಾತು. ಅದು ನಂದಲ್ಲ, ನೀ ಕರದದ್ದು. ನಾ ಯಾಕ ತಗದ ಒಗದೆ? ತಪ್ಪಾತು. ಇವತ್ತಿನಿಂದ ಮತ್ತ ನಾ ಕಾಕಾನ.”

ಅಷ್ಟು ಹೇಳಿ ಕಣ್ಣೊರೆಸಿಕೊಳ್ಳಲು ಎದ್ದು ನಾಲ್ಕು ಹೆಜ್ಜೆ ಹಿಂದೆ ಸರಿದ. ಕಾಗೆ ಬಂತು. ಪಿಂಡ ಮುಟ್ಟಿತು, ಒಂದು ವಡೆಯನ್ನೂ ಎತ್ತಿಕೊಂಡು ಹೋಯಿತು.

ಇಷ್ಟು ಹೊತ್ತು ಕಾಕಾ ಎಲೆಯ ಹತ್ತಿರವೇ ನಿಂತಿದ್ದ, ಆರಡಿ ಆಳು ಮುಂದೆ ನಿಂತರೆ ಯಾವ ಕಾಗೆ ಬಂದೀತು? ಅವನು ಹಿಂದೆ ಸರಿದದ್ದಕ್ಕೇ ಅದು ಬಂದಿರಬೇಕು. ಇದನ್ನೂ ದಿನಚರಿಯಲ್ಲಿ ಬರೆದಿದ್ದೇನೆ, ಎರಡು ಗಂಟೆ ಇಪ್ಪತ್ತಮೂರು ನಿಮಿಷ ಎಂಬುದರ ಕೆಳಗೆ. ಬರೆದು, ಅದರ ಮುಂದೆ ಒಂದು ಪ್ರಶ್ನಾರ್ಥಕ ಚಿಹ್ನೆಯನ್ನೂ ಹಾಕಿದ್ದೇನೆ.

ಸಂಜೆ ಎಲ್ಲರೂ ಹೋದ ಮೇಲೆ ಕಾಕಾ ನೋಟಬುಕ್ಕು ತರಲು ಹೇಳಿದ. ಮೊದಲ ಸಾಲು, ಕೊನೆಯ ಕಾಲಂ.

“ಬರಿ. ಮೂಲ: ಬೈಲಹೊಂಗಲ ಬಸ್ ಸ್ಟ್ಯಾಂಡು.”

ನಾನು ಪೆನ್ನು ಎತ್ತಿ ನೋಡಿದೆ. ಕಾಕಾ ಅಂಗಳದ ಕಡೆ ಮುಖ ಮಾಡಿ ಹೇಳಿದ. ನಾನು ಹುಟ್ಟಿದ ಮೇಲೆ ನಮ್ಮ ಮನೆಯಲ್ಲಿ ಎಲ್ಲರ ಹೆಸರೂ ನನ್ನ ಕಡೆಯಿಂದ ಬದಲಾದವು, ಎಲ್ಲರ ಮನೆಯಲ್ಲೂ ಆಗುವ ಹಾಗೆ. ಅಪ್ಪನೂ ತಮ್ಮನ ಹೆಸರು ಬಿಟ್ಟು ಕಾಕಾ ಅನ್ನತೊಡಗಿದರು. ಆ ಕಾಲಕ್ಕೆ ಕಾಕಾ ದಿನಾ ಊಟದ ಡಬ್ಬಿ ಮರೆತು ಡ್ಯೂಟಿಗೆ ಹೋಗುತ್ತಿದ್ದ. ಹಿಂದೆಯೇ ಅಪ್ಪ ಧೋತರದ ಚುಂಗು ಹಿಡಿದುಕೊಂಡು ಓಡುತ್ತ ಬಂದು, ಸ್ಟ್ಯಾಂಡಿನ ಬಾಗಿಲಿನಿಂದಲೇ ಕೂಗುತ್ತಿದ್ದರು: “ಏ ಕಾಕಾ, ಡಬ್ಬೀ!” ದಿನಾ ಕೇಳಿ ಕೇಳಿ ಡ್ರೈವರುಗಳು ಕಾಕಾ ಅಂದರು, ಚಹದಂಗಡಿಯವರು ಅಂದರು, ಪ್ರಯಾಣಿಕರು ಅಂದರು. ಕಿತ್ತೂರಿನಿಂದ ರಾಮದುರ್ಗದ ತನಕ ಅವನು ಎಲ್ಲರ ಕಾಕಾ ಆದದ್ದು ಹಾಗೆ.

“ಯಾರರೆ ಕಾಕಾ ಅಂದಾಗೊಮ್ಮೆ ಹಿಂದ ಎಲ್ಲ್ಯೋ ಅಣ್ಣ ಓಡಿ ಬರಲಿಕ್ಹತ್ತ್ಯಾನ ಅನಸತಿತ್ತವಾ. ಬಸ್ಸಿನ್ಯಾಗ ಮಂದಿ ನಕ್ಕದ್ದು ನನಗಲ್ಲ, ಅವಗ ನಕ್ಕಂಗಾತು. ಅದಕ್ಕ ಸಿಟ್ಟ ಬಂತು.”

ನಾನು ಬರೆದೆ. ಆರು ಕಾಲಮ್ಮೂ ತುಂಬಿದವು. ಆದರೂ ಒಂದು ಲೆಕ್ಕ ಹೊಂದಲಿಲ್ಲ.

“ಕಾಕಾ,” ಎಂದೆ. ಹದಿನೇಳು ದಿನಗಳ ಮೇಲೆ ಬಾಯಿಗೆ ಎಷ್ಟು ಹಗುರಾಗಿತ್ತು ಆ ಶಬ್ದ! “ನನ್ನ ಪಟ್ಟಿಯೊಳಗ ನೀ ಡಬ್ಬಿ ಮರತದ್ದು ಒಂದ ಸಲಾನೂ ಇಲ್ಲ. ಆವಾಗ ದಿನಾ ಹೆಂಗ ಮರೀತಿದ್ದಿ?”

ಕಾಕಾ ನೋಟಬುಕ್ಕು ಮುಚ್ಚಿ ನನ್ನ ಕಡೆ ಸರಿಸಿದ. ಆಮೇಲೆ ಹೇಳಿದ:

“ಮರೀತಿದ್ದಿಲ್ಲ. ಬಿಟ್ಟ ಹೋಗತಿದ್ದೆ. ಅವ ಓಡಿ ಬರಲಿ ಅಂತ.”

ಫೆಬ್ರವರಿ ೬, ಗುರುವಾರ. ಬೆಳಿಗ್ಗೆ ಆರೂವರೆಗೆ ಕಾಕಾ ಡ್ಯೂಟಿಗೆ ಹೊರಟ. ಏಳಕ್ಕೆ ಹತ್ತು ನಿಮಿಷ ಇದ್ದಾಗ ನಾನು ಅಡುಗೆಮನೆಗೆ ಹೋದರೆ ಕಟ್ಟೆಯ ಮೇಲೆ ಡಬ್ಬಿ ಇತ್ತು. ಮುಚ್ಚಳ ಬಿಗಿಯಾಗಿ ಹಾಕಿ, ಹಿಡಿಕೆಯನ್ನು ಬಾಗಿಲ ಕಡೆ ತಿರುಗಿಸಿ ಇಟ್ಟಿತ್ತು.

ದಿನಚರಿ ಅಲ್ಲೇ ಬಿಟ್ಟು ಓಡಿದೆ. ಸ್ಟ್ಯಾಂಡಿನ ಬಾಗಿಲಿನಲ್ಲಿ ನಿಂತು, ಇದ್ದ ಉಸಿರೆಲ್ಲ ಹಾಕಿ ಕೂಗಿದೆ: “ಏ ಕಾಕಾ, ಡಬ್ಬೀ!”

ಐದು ಮಂದಿ ತಿರುಗಿ ನೋಡಿದರು. ಒಬ್ಬ ಬಂದ.